ಕೊನೆಯ ಹತ್ತು ಸೆಕೆಂಡು ಯಾರದು?

ಟಿವಿಯಲ್ಲಿ ಒಂದು ಕ್ವಿಜ್ ಅಥವಾ ಗೇಮ್ ಶೋವನ್ನು ನೀವು ಕೊನೆಯ ಸಲ ಪೂರ್ತಿಯಾಗಿ ನೋಡಿದ್ದು ಯಾವಾಗ? ಪೂರ್ತಿ ಅಂದರೆ ನಿರೂಪಕರು ಕೈಮುಗಿದು ನಮಸ್ಕಾರ ಹೇಳುವವರೆಗೆ ಅಲ್ಲ. ಅದರಾಚೆಗೆ, ಕೆಲಸ ಮಾಡಿದವರ ಹೆಸರುಗಳೆಲ್ಲ ಒಂದೊಂದಾಗಿ ಬಂದು ಮುಗಿಯುವವರೆಗೆ. ಬಹುಶಃ ನಿಮಗೆ ನೆನಪಾಗಲಿಕ್ಕಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಈಗಿನ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಆ ಪಟ್ಟಿ ಬರುವುದೇ ಯಾರೂ ಓದಬಾರದು ಎಂಬಂತೆ. ನಿರೂಪಕರ ಮಾತು ಮುಗಿಯುವ ಮೊದಲೇ ಪರದೆಯ ಒಂದು ಮೂಲೆಯಲ್ಲಿ ಸಣ್ಣ ಅಕ್ಷರಗಳು ಓಡತೊಡಗುತ್ತವೆ. ಉಳಿದ ಜಾಗದಲ್ಲಿ 'ಮುಂದಿನ ಕಾರ್ಯಕ್ರಮ' ಎಂದು ಯಾವುದೋ ಧಾರಾವಾಹಿಯ ನಾಯಕಿ ಅಳುತ್ತಿರುತ್ತಾಳೆ. ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ನನ್ನ ಗೆಳೆಯರು ನಕ್ಕರು. ಆದರೆ ಆ ಹತ್ತು ಸೆಕೆಂಡು ಸಣ್ಣ ವಿಷಯವಲ್ಲ ಎನ್ನುವುದು ನನ್ನ ವಾದ. ಅದು ದುಡಿದವರ ಹೆಸರಿನ ಪ್ರಶ್ನೆ. ಜೊತೆಗೆ, ನಾವು ನೋಡಿದ ಆಟ ನಿಜವಾದ ಆಟವೇ ಎನ್ನುವುದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಯೂ ಹೌದು.

ನಮ್ಮ ಮನೆಯಲ್ಲಿ ಕ್ವಿಜ್ ಅಂದರೆ ಮೊದಲು ನೆನಪಾಗುವುದು ಚಂದನ ವಾಹಿನಿಯ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ ಈ ಕಾರ್ಯಕ್ರಮ ಶುರುವಾದದ್ದು 2002ರಲ್ಲಿ, ಅಂದರೆ ನಾನು ಹುಟ್ಟುವುದಕ್ಕೂ ಮೊದಲು. ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ಕಂಡಿರುವ ಅದರ ಬಹುಮಾನ ಲಕ್ಷವೂ ಅಲ್ಲ, ಕೋಟಿಯೂ ಅಲ್ಲ; ಪುಸ್ತಕ. ಮಾಸ್ತಿಯವರ ಮೇಲೆ ಪ್ರಶ್ನೆ ಬಂದರೆ 'ನಮ್ಮ ತಾಲ್ಲೂಕಿನವರು' ಎಂದು ಅಪ್ಪ ಸ್ಪರ್ಧಿಗಿಂತ ಮೊದಲು ಉತ್ತರ ಹೇಳುತ್ತಿದ್ದರು. ಡಿವಿಜಿ ಬಗ್ಗೆ ಬಂದರೆ ಅಮ್ಮನ ಸರದಿ, ಏಕೆಂದರೆ ಅಮ್ಮನ ತವರು ಮುಳಬಾಗಿಲಿನ ಕಡೆ. ಆಮೇಲೆ 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ' ಬಂತು. ಬ್ರಿಟನ್‌ನಲ್ಲಿ 1998ರಲ್ಲಿ ಹುಟ್ಟಿ, 2000ದಲ್ಲಿ ಅಮಿತಾಭ್ ಬಚ್ಚನ್ ಮೂಲಕ ಹಿಂದಿಗೆ ಬಂದ ಆಟ ಅದು. ಅದು ಬರುವ ಹೊತ್ತಿಗೆ ನಮ್ಮ ಬೀದಿಯ ಹೆಚ್ಚಿನ ಮನೆಗಳಲ್ಲಿ ಒಂದೇ ದನಿ ಕೇಳುತ್ತಿತ್ತು.

ಈ ಎರಡು ಆಟಗಳೂ ನಮಗೆ ಎರಡು ಮುಖಗಳಾಗಿ ನೆನಪಿವೆ. ಅದು ಸಹಜ. ಆದರೆ ಒಂದು ಕ್ವಿಜ್ ಸಂಚಿಕೆ ತಯಾರಾಗಬೇಕಾದರೆ ಎಷ್ಟು ಜನ ಬೇಕು ಲೆಕ್ಕ ಹಾಕಿ. ಪ್ರಶ್ನೆ ಬರೆಯುವವರು, ಉತ್ತರ ಸರಿಯೇ ಎಂದು ಪುಸ್ತಕ ತೆರೆದು ನೋಡುವವರು, ಸ್ಪರ್ಧಿಗಳನ್ನು ಆರಿಸಿ ಫೋನ್ ಮಾಡುವವರು, ಪರದೆಯ ಮೇಲೆ ಪ್ರಶ್ನೆ ಮೂಡಿಸುವ ಕಂಪ್ಯೂಟರ್ ನೋಡಿಕೊಳ್ಳುವವರು, ಅಂಕ ಎಣಿಸುವವರು, ಐದಾರು ಕ್ಯಾಮೆರಾಗಳವರು, ಕಾಲರಿಗೆ ಮೈಕ್ ಸಿಕ್ಕಿಸುವವರು, ಸೆಟ್ ಕಟ್ಟುವ ಬಡಗಿಗಳು, ಬಣ್ಣ ಬಳಿಯುವವರು, ಲೈಟ್ ಹೊತ್ತು ಏಣಿ ಹತ್ತುವವರು, ಮೇಕಪ್‌ನವರು, ಸಂಕಲನ ಮಾಡುವವರು. ಧಾರಾವಾಹಿಯಲ್ಲಿ ನಟನ ಹೆಸರು, ಕಥೆಗಾರನ ಹೆಸರು ಶುರುವಿನಲ್ಲೇ ಬರುತ್ತದೆ. ಸಿನಿಮಾದಲ್ಲೂ ಮುಖ್ಯ ತಂತ್ರಜ್ಞರ ಹೆಸರು ಮೊದಲೇ ಬರುವ ಪದ್ಧತಿ ನಮ್ಮಲ್ಲಿದೆ. ಗೇಮ್ ಶೋ ಮಾತ್ರ ಶೀರ್ಷಿಕೆ ಸಂಗೀತ ಮುಗಿದ ಕೂಡಲೇ ಚಪ್ಪಾಳೆಯೊಂದಿಗೆ ಶುರುವಾಗಿಬಿಡುತ್ತದೆ. ಹಾಗಾಗಿ ಅದರ ಕೆಲಸಗಾರರಿಗೆ ಇರುವ ಏಕೈಕ ಜಾಗ ಕೊನೆ. ಆ ಕೊನೆಯನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದು ಏನೂ ಇಲ್ಲ.

ಇದು ಹೇಗಾಯಿತು ಎಂದು ಹುಡುಕುತ್ತಾ ಹೋದರೆ ಅಮೆರಿಕದ ಟಿವಿಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಗೇಮ್ ಶೋಗಳು ವಾರಕ್ಕೆ ಐದು ದಿನ ಬರುತ್ತಿದ್ದವು. ದಿನವೂ ಪೂರ್ತಿ ಪಟ್ಟಿ ತೋರಿಸಲು ಸಮಯವಿಲ್ಲ ಎಂದು ಅನೇಕ ಕಾರ್ಯಕ್ರಮಗಳು ಒಂದು ಉಪಾಯ ಮಾಡಿದ್ದವು: ಉಳಿದ ದಿನ ನಾಲ್ಕೈದು ಹೆಸರು, ವಾರಕ್ಕೊಮ್ಮೆ ಪೂರ್ತಿ ಪಟ್ಟಿ. ಆ ದಿನ ಗೆದ್ದವರು, ನಿರೂಪಕರು ವೇದಿಕೆಯಲ್ಲಿ ಹರಟುತ್ತಿರುವಾಗ ಸಂಗೀತದ ಜೊತೆ ಎಲ್ಲರ ಹೆಸರೂ ನಿಧಾನವಾಗಿ ಮೇಲೇರುತ್ತಿತ್ತು. 1994ರಲ್ಲಿ ಎನ್‌ಬಿಸಿ ವಾಹಿನಿ ಬೇರೊಂದು ದಾರಿ ಹಿಡಿಯಿತು. ಹೆಸರು ಬರುವಾಗಲೇ ಜನ ರಿಮೋಟ್ ಒತ್ತುತ್ತಾರೆ ಎಂಬ ಕಾರಣಕ್ಕೆ ಪಟ್ಟಿಯನ್ನು ಪರದೆಯ ಒಂದು ಬದಿಗೆ ತಳ್ಳಿ, ಉಳಿದ ಜಾಗದಲ್ಲಿ ತನ್ನದೇ ಪ್ರಚಾರ ಹಾಕಿತು. ಬೇರೆ ವಾಹಿನಿಗಳೂ ಅದನ್ನೇ ಮಾಡಿದವು. ಉಪಗ್ರಹ ವಾಹಿನಿಗಳ ಜೊತೆ ಆ ಅಭ್ಯಾಸ ನಮ್ಮ ದೇಶಕ್ಕೂ ಬಂತು. ವಾರಕ್ಕೊಮ್ಮೆ ಪೂರ್ತಿ ತೋರಿಸುವ ಅಭ್ಯಾಸ ಮಾತ್ರ ಬರಲಿಲ್ಲ.

ಆದರೆ ಅಮೆರಿಕದ ಕ್ವಿಜ್‌ಗಳ ಕೊನೆಯಲ್ಲಿ ಇನ್ನೊಂದು ವಿಷಯವಿದೆ. ನನ್ನ ಮಟ್ಟಿಗೆ ಅದೇ ಮುಖ್ಯ. 1950ರ ದಶಕದಲ್ಲಿ ಅಲ್ಲಿ 'ಟ್ವೆಂಟಿ ಒನ್' ಎಂಬ ಕ್ವಿಜ್ ಭಾರಿ ಜನಪ್ರಿಯವಾಗಿತ್ತು. ಅದರಲ್ಲಿ ಗೆದ್ದು ಮನೆಮಾತಾದವರು ಚಾರ್ಲ್ಸ್ ವ್ಯಾನ್ ಡೋರನ್ ಎಂಬ ಕಾಲೇಜು ಉಪನ್ಯಾಸಕ. 1959ರಲ್ಲಿ ಅವರು ಸಂಸತ್ ಸಮಿತಿಯ ಮುಂದೆ ನಿಂತು, ಪ್ರಶ್ನೆ-ಉತ್ತರಗಳನ್ನು ಕಾರ್ಯಕ್ರಮದವರೇ ತಮಗೆ ಮೊದಲೇ ಕೊಟ್ಟಿದ್ದರು ಎಂದು ಒಪ್ಪಿಕೊಂಡರು. ಇಡೀ ದೇಶ ನಂಬಿದ್ದ ಆಟ ಬರೀ ನಾಟಕವಾಗಿತ್ತು. 1960ರಲ್ಲಿ ಇಂತಹ ಸ್ಪರ್ಧೆಗಳಲ್ಲಿ ಮೋಸ ಮಾಡುವುದನ್ನು ಅಪರಾಧ ಎಂದು ಕಾನೂನು ಮಾಡಲಾಯಿತು. ಅಲ್ಲಿಂದೀಚೆಗೆ ಅಲ್ಲಿನ ಗೇಮ್ ಶೋಗಳ ಕೊನೆಯಲ್ಲಿ ಹೆಸರುಗಳ ಜೊತೆ ಕೆಲವು ಘೋಷಣೆಗಳನ್ನೂ ಕಾಣಬಹುದು: ಬಹುಮಾನ ಕೊಟ್ಟ ಕಂಪನಿ ಯಾವುದು, ಪ್ರಚಾರಕ್ಕಾಗಿ ಹಣ ಕೊಟ್ಟವರು ಯಾರು, ಫಲಿತಾಂಶಕ್ಕೆ ಧಕ್ಕೆಯಾಗದ ಭಾಗಗಳನ್ನು ಮಾತ್ರ ಕತ್ತರಿಸಲಾಗಿದೆ, ಇತ್ಯಾದಿ.

ಅಂದರೆ ಕೊನೆಯ ಪಟ್ಟಿ ಬರೀ ಧನ್ಯವಾದವಲ್ಲ, ಅದೊಂದು ಸಹಿ. ಈ ಪ್ರಶ್ನೆಗಳಿಗೆ ನಾವು ಹೊಣೆ, ಈ ಫಲಿತಾಂಶಕ್ಕೆ ನಾವು ಸಾಕ್ಷಿ ಎಂದು ಹಾಕುವ ಸಹಿ. ಪ್ರಶ್ನೆಪತ್ರಿಕೆ ಸೋರಿಕೆಯ ಸುದ್ದಿ ಓದಿಕೊಂಡೇ ಬೆಳೆದ ಪೀಳಿಗೆ ನಮ್ಮದು. ಪರೀಕ್ಷೆ ಅಂದರೆ 'ಪ್ರಶ್ನೆ ಸಿದ್ಧ ಮಾಡಿದವರು ಯಾರು, ಅದನ್ನು ಕಾದವರು ಯಾರು' ಎಂದು ಕೇಳುವುದನ್ನು ನಾವು ಕಲಿತಿದ್ದೇವೆ. ಲಕ್ಷಗಟ್ಟಲೆ ಹಣ ಬಹುಮಾನವಿರುವ ಆಟದಲ್ಲೂ ಅದನ್ನೇ ಕೇಳಬಾರದೇ? ಕೇಳಿದರೆ ಉತ್ತರ ಆ ಪಟ್ಟಿಯಲ್ಲಿ ಇರಬೇಕು. ಅದು ಓದಲು ಬರುವಂತಿರಬೇಕು.

ಮುದ್ರಣದಲ್ಲಿ ಇದು ಹೊಸದೇನಲ್ಲ. ಅಚ್ಚಾದ ಪ್ರತಿ ಪುಸ್ತಕ, ಪತ್ರಿಕೆಯ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ಇರಲೇಬೇಕು ಎಂದು ಬ್ರಿಟಿಷರ ಕಾಲದ 1867ರ ಕಾಯ್ದೆಯೇ ಹೇಳಿತ್ತು. ನೀವು ಈಗ ಹಿಡಿದಿರುವ ಪತ್ರಿಕೆಯಲ್ಲೂ ಸಣ್ಣ ಅಕ್ಷರದ ಆ ಸಾಲು ಎಲ್ಲೋ ಒಂದು ಕಡೆ ಇದೆ, ಹುಡುಕಿ ನೋಡಿ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಮುಖಪುಟ ವಿನ್ಯಾಸ ಯಾರದು, ಅಕ್ಷರ ಜೋಡಣೆ ಯಾರದು ಎಂದೂ ಇರುತ್ತದೆ. ಆ ಪುಟ ಯಾರೂ ಓದುವುದಿಲ್ಲ ಎಂದು ಯಾವ ಪ್ರಕಾಶಕರೂ ಅದರ ಮೇಲೆ ಮುಂದಿನ ಪುಸ್ತಕದ ಜಾಹೀರಾತು ಅಂಟಿಸಿದ್ದನ್ನು ನಾನು ನೋಡಿಲ್ಲ.

ಈಗ ನನ್ನ ಮನೆಯ ಒಂದು ಸಂಗತಿ ಹೇಳುತ್ತೇನೆ. ನಮ್ಮ ದೊಡ್ಡಮ್ಮನ ಮಗ, ನಮ್ಮಣ್ಣ, ಪಿಯುಸಿ ಮುಗಿಸಿ ಸ್ವಲ್ಪ ದಿನ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡಿದ. ಆಮೇಲೆ ಬೆಂಗಳೂರಿನಲ್ಲಿ ಶೂಟಿಂಗ್‌ಗೆ ಲೈಟ್ ಕೊಡುವವರ ಹತ್ತಿರ ಸೇರಿದ. ಬೆಳಗಿನ ರೈಲು ಹಿಡಿದು ಹೋದರೆ ಎಷ್ಟೋ ಸಲ ವಾಪಸ್ ಬರುತ್ತಿದ್ದದ್ದು ಮರುದಿನ. ಒಂದು ಗೇಮ್ ಶೋದಲ್ಲಿ ಅವನಿಗೆ ಮೂರು ತಿಂಗಳ ಕೆಲಸ ಸಿಕ್ಕಿತು. ಕೊನೆಯಲ್ಲಿ ಹೆಸರು ಹಾಕುತ್ತಾರೆ ಎಂದು ಅಲ್ಲಿ ಯಾರೋ ಹೇಳಿದ್ದರಂತೆ. ಮೊದಲ ಸಂಚಿಕೆಯ ದಿನ ದೊಡ್ಡಮ್ಮನ ಮನೆಯಲ್ಲಿ ಅಕ್ಕಪಕ್ಕದವರೂ ಸೇರಿ ಹದಿನೈದು ಜನ ಕೂತಿದ್ದೆವು. ಆಟ ಯಾರು ಗೆದ್ದರು ಎನ್ನುವುದು ಯಾರಿಗೂ ಬೇಕಿರಲಿಲ್ಲ. ಕೊನೆಗೆ ಪಟ್ಟಿ ಬಂತು, ಪರದೆಯ ಬಲಗಡೆ ಒಂದು ಪಟ್ಟೆಯಲ್ಲಿ, ಓಡುತ್ತಾ.

'ಬಂತೇನೋ ನಮ್ಮ ಹುಡುಗನ ಹೆಸರು?' ಎಂದು ದೊಡ್ಡಮ್ಮ ಕೇಳಿದರು.

'ಬಂತು ದೊಡ್ಡಮ್ಮ, ಹೋಯ್ತು' ಎಂದೆ. ನಿಜ ಹೇಳಬೇಕೆಂದರೆ ನನಗೂ ಕಂಡಿದ್ದು 'ಲೈಟ್ಸ್' ಎಂಬ ಪದ ಮಾತ್ರ.

'ಇರಲಿ ಬಿಡು, ಅವರಿಗೆ ಗೊತ್ತಲ್ಲ' ಎಂದು ಅವರು ಎದ್ದು ಒಲೆ ಹತ್ತಿರ ಹೋದರು.

ಅವರಿಗೆ ಗೊತ್ತಿರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅಣ್ಣ ಬೇರೊಂದು ಕಡೆ ಕೆಲಸ ಕೇಳಲು ಹೋದಾಗ 'ಹಿಂದೆ ಎಲ್ಲಿ ಮಾಡಿದ್ದೀಯಾ, ಹೆಸರು ಬಂದಿದೆಯಾ, ತೋರಿಸು' ಎಂದರು. ಸಂಚಿಕೆಗಳೆಲ್ಲ ಯೂಟ್ಯೂಬ್‌ನಲ್ಲಿ ಇದ್ದವು. ಆದರೆ ಪ್ರತಿಯೊಂದೂ ನಿರೂಪಕರ ನಮಸ್ಕಾರಕ್ಕೇ ಮುಗಿಯುತ್ತಿತ್ತು. ಕೊನೆಯ ಪಟ್ಟಿಯನ್ನು ಕತ್ತರಿಸಿ, ಅಲ್ಲಿ 'ಇದನ್ನೂ ನೋಡಿ' ಎಂದು ಎರಡು ಚೌಕ ಇಟ್ಟಿದ್ದರು. ಆ ಚೌಕಗಳಿಗೆ ಯೂಟ್ಯೂಬ್ ಕೊಡುವ ಅವಕಾಶ ವಿಡಿಯೊದ ಕೊನೆಯ 5ರಿಂದ 20 ಸೆಕೆಂಡು. ಹೆಸರುಗಳು ಇರಬೇಕಾಗಿದ್ದ ಜಾಗವೂ ಅದೇ. ಮೂರು ತಿಂಗಳು ದುಡಿದದ್ದಕ್ಕೆ ಅಣ್ಣನ ಹತ್ತಿರ ಇದ್ದ ಸಾಕ್ಷಿ ಅಂದರೆ ಸೆಟ್‌ನಲ್ಲಿ ಗೆಳೆಯ ಹೊಡೆದ ಒಂದು ಸೆಲ್ಫಿ.

ನಮ್ಮಂಥ ಓದುವ ಮಕ್ಕಳಿಗೆ ಅಂಕಪಟ್ಟಿ ಇದೆ, ಪ್ರಾಜೆಕ್ಟ್ ವರದಿಯಲ್ಲಿ ನಾಲ್ಕೂ ಜನರ ಹೆಸರು, ಯುಎಸ್‌ಎನ್ ಅಚ್ಚಾಗುತ್ತದೆ, ಇಂಟರ್ನ್‌ಶಿಪ್‌ಗೆ ಪ್ರಮಾಣಪತ್ರ ಸಿಗುತ್ತದೆ. ದಿನಗೂಲಿ ಲೆಕ್ಕದಲ್ಲಿ ಲೈಟ್ ಹಿಡಿಯುವವನಿಗೆ ಆ ಒಂದು ಸಾಲೇ ಅಂಕಪಟ್ಟಿ. ಕಾನೂನಿನಲ್ಲೂ ಈ ಸಾಲಿಗೆ ಬೆಲೆಯಿದೆ. 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ಅದರ ಪ್ರಕಾರ ಚಿತ್ರವೊಂದರಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ಉದ್ಯಮದ ರೂಢಿಯಂತೆ ಹೆಸರಿನ ಪಟ್ಟಿಯಲ್ಲಿ ಎಲ್ಲೂ ಕಾಣಿಸದ ವ್ಯಕ್ತಿಯನ್ನು, ಒಂದು ಸೀಮಿತ ಹಕ್ಕಿನ ಹೊರತು, ಕಲಾವಿದ ಎಂದೇ ಪರಿಗಣಿಸುವುದಿಲ್ಲ. ಇದು ನಟಿಸುವವರ ಬಗ್ಗೆ ಇರುವ ಮಾತು, ಲೈಟ್‌ನವರ ಬಗ್ಗೆ ಅಲ್ಲ. ಆದರೂ ಪಟ್ಟಿಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎನ್ನುವುದು ಇದರಿಂದ ತಿಳಿಯುತ್ತದೆ.

ಈಗ ಸ್ವಲ್ಪ ಲೆಕ್ಕ. ಎಂಜಿನಿಯರಿಂಗ್ ಓದುತ್ತಿದ್ದೇನೆ, ಲೆಕ್ಕವಿಲ್ಲದೆ ಬರೆದರೆ ಗೆಳೆಯರು ಬಿಡುವುದಿಲ್ಲ. ಒಂದು ಪಟ್ಟಿಯಲ್ಲಿ 80 ಸಾಲು ಇದೆ ಎಂದುಕೊಳ್ಳಿ. ಪರದೆಯಲ್ಲಿ ಒಂದು ಸಲಕ್ಕೆ 10 ಸಾಲು ಕಾಣುತ್ತದೆ. ಅದನ್ನು 10 ಸೆಕೆಂಡಿನಲ್ಲಿ ಓಡಿಸಿದರೆ ಸೆಕೆಂಡಿಗೆ 9 ಸಾಲು ಮೇಲೇರಬೇಕು. ಒಂದು ಹೆಸರು ಪರದೆಯ ಕೆಳಗಿನಿಂದ ಮೇಲಕ್ಕೆ ಹೋಗಲು ತೆಗೆದುಕೊಳ್ಳುವ ಸಮಯ ಹೆಚ್ಚುಕಡಿಮೆ ಒಂದು ಸೆಕೆಂಡು. ಸಾಲಿಗೆ ಮೂರು ಪದ ಎಂದರೂ ಸೆಕೆಂಡಿಗೆ 27 ಪದ ಓದಬೇಕು. ನಾವು ಆರಾಮವಾಗಿ ಓದುವುದು ಸೆಕೆಂಡಿಗೆ ಮೂರ್ನಾಲ್ಕು ಪದ.

ಇದರ ಮೇಲೆ ಪಟ್ಟಿಯನ್ನು ಕುಗ್ಗಿಸುತ್ತಾರೆ. ಹಳೆಯ ಮಾದರಿಯ ಪ್ರಸಾರದಲ್ಲಿ ಚಿತ್ರಕ್ಕೆ ಸಿಗುವುದು ಮೇಲಿನಿಂದ ಕೆಳಕ್ಕೆ 576 ಗೆರೆ. ಒಂದು ಅಕ್ಷರದ ಸಾಲಿಗೆ 30 ಗೆರೆ ಕೊಟ್ಟಿದ್ದರೆ, ಚಿತ್ರವನ್ನು ಮೂರನೇ ಒಂದಕ್ಕೆ ಕುಗ್ಗಿಸಿದಾಗ ಉಳಿಯುವುದು 10 ಗೆರೆ. ಇಂಗ್ಲಿಷ್‌ನ ದೊಡ್ಡಕ್ಷರಗಳು 10 ಗೆರೆಯಲ್ಲೂ ಹೇಗೋ ಬದುಕುತ್ತವೆ. ಕನ್ನಡದ ಗತಿ ಬೇರೆ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ, ಮೇಲೆ ಗುಣಿತದ ಚಿಹ್ನೆ. 'ಕೃಷ್ಣಪ್ಪ' ಎಂಬ ಹೆಸರನ್ನು 10 ಗೆರೆಯಲ್ಲಿ ಬರೆದು ನೋಡಿ. ಷ್ಣ, ಪ್ಪ ಎರಡೂ ಒಂದೇ ಮುದ್ದೆಯಾಗುತ್ತವೆ. ಬೇರೆ ದೇಶದ ಅಭ್ಯಾಸವನ್ನು ನಮ್ಮ ಲಿಪಿಗೆ ತಂದು ಹಾಕಿದರೆ ಹೀಗೇ ಆಗುವುದು. ಎಷ್ಟೋ ಕನ್ನಡ ಕಾರ್ಯಕ್ರಮಗಳು ಹೆಸರಿನ ಪಟ್ಟಿಯನ್ನು ಇಂಗ್ಲಿಷ್‌ನಲ್ಲೇ ಹಾಕಿಬಿಡುತ್ತವೆ. ಆಗ ದೊಡ್ಡಮ್ಮನಂಥವರಿಗೆ ಪಟ್ಟಿ ನಿಂತರೂ ಅಷ್ಟೇ, ಓಡಿದರೂ ಅಷ್ಟೇ.

ವಾಹಿನಿಗಳ ಕಡೆಯ ಮಾತನ್ನೂ ಕೇಳೋಣ. ಅವರದು ಮೂರು ಮಾತು. ಒಂದು, ಯಾರೂ ಓದುವುದಿಲ್ಲ. ಎರಡು, ಹೆಸರು ಬಂದ ಕೂಡಲೇ ಜನ ಚಾನೆಲ್ ಬದಲಿಸುತ್ತಾರೆ. ಮೂರು, ಸಮಯ ಅಂದರೆ ಹಣ.

ಮೊದಲನೆಯದಕ್ಕೆ ಉತ್ತರ ಸುಲಭ: ಓದಲು ಬಾರದಂತೆ ಹಾಕಿ, ಯಾರೂ ಓದುವುದಿಲ್ಲ ಎನ್ನುವುದು ನ್ಯಾಯವಲ್ಲ. ನಮ್ಮೂರ ಕಡೆ ಪೌರಾಣಿಕ ನಾಟಕ ಆಡಿಸುವಾಗ ಕರಪತ್ರ ಹಂಚುತ್ತಾರೆ. ಅದರಲ್ಲಿ ದುರ್ಯೋಧನನಿಂದ ಹಿಡಿದು ದ್ವಾರಪಾಲಕನವರೆಗೆ, ಹಾರ್ಮೋನಿಯಂ ಮೇಷ್ಟ್ರಿಂದ ಸೀನರಿಯವರವರೆಗೆ ಎಲ್ಲರ ಹೆಸರೂ ಇರುತ್ತದೆ. ಆ ಕರಪತ್ರವನ್ನು ಜನ ಬಸ್ ನಿಲ್ದಾಣದಲ್ಲಿ ನಿಂತು ಮೇಲಿಂದ ಕೆಳಗೆ ಓದುತ್ತಾರೆ, ಏಕೆಂದರೆ ಅದರಲ್ಲಿ ತಮ್ಮವರೊಬ್ಬರು ಇರುತ್ತಾರೆ. ಟಿವಿಯ ಪಟ್ಟಿಯಲ್ಲೂ ಯಾರದೋ ಮನೆಯವರು ಇದ್ದೇ ಇರುತ್ತಾರೆ.

ಎರಡನೆಯ ಮಾತು ನಿಜ. ಜನ ಚಾನೆಲ್ ಬದಲಿಸುತ್ತಾರೆ. ಸಭೆಯಲ್ಲಿ ವಂದನಾರ್ಪಣೆ ಶುರುವಾದ ಕೂಡಲೇ ಅರ್ಧ ಜನ ಎದ್ದು ಉಪಾಹಾರದ ಕಡೆ ಹೋಗುವುದನ್ನು ಕಾಲೇಜಿನಲ್ಲಿ ಎಲ್ಲರೂ ನೋಡಿದ್ದೇವೆ. ಹಾಗೆಂದು ವಂದನಾರ್ಪಣೆಯನ್ನು ಯಾರೂ ಬಿಡುವುದಿಲ್ಲ. ಶಾಮಿಯಾನದವರು, ಮೈಕ್ ಸೆಟ್‌ನವರು, ಅಡುಗೆಯವರು ಎಲ್ಲರ ಹೆಸರೂ ಹೇಳಿಯೇ ಕಾರ್ಯಕ್ರಮ ಮುಗಿಯುವುದು. ಕೇಳುವವರು ಹತ್ತೇ ಜನ ಇರಬಹುದು, ಆದರೆ ಆ ಹತ್ತರಲ್ಲಿ ಮೈಕ್ ಸೆಟ್‌ನವನು ಖಂಡಿತ ಇರುತ್ತಾನೆ.

ಮೂರನೆಯದು ಹಣದ ಮಾತು. ಅದನ್ನೂ ಲೆಕ್ಕದಲ್ಲೇ ನೋಡೋಣ. ಕೇಬಲ್ ಟಿವಿ ನಿಯಮಗಳ ಪ್ರಕಾರ ಒಂದು ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಅದರಲ್ಲಿ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಈಗ ವಾರಕ್ಕೆ ಐದು ದಿನ, ದಿನಕ್ಕೆ 10 ಸೆಕೆಂಡಿನಂತೆ ಓದಲಾಗದ ಪಟ್ಟಿಗೆ ಖರ್ಚಾಗುತ್ತಿರುವುದು 50 ಸೆಕೆಂಡು. ಮೊದಲು ಹೇಳಿದ 80 ಸಾಲನ್ನು ಸೆಕೆಂಡಿಗೆ ನಾಲ್ಕು ಪದದಂತೆ ಓದಲು ಬೇಕಾಗುವುದು 60 ಸೆಕೆಂಡು. ಅಂದರೆ ಐದು ದಿನ ವ್ಯರ್ಥವಾಗುವ ಸಮಯಕ್ಕೆ ಹತ್ತೇ ಸೆಕೆಂಡು ಸೇರಿಸಿದರೆ, ವಾರಕ್ಕೊಮ್ಮೆ ಎಲ್ಲರ ಹೆಸರನ್ನೂ ಪೂರ್ತಿ ಪರದೆಯಲ್ಲಿ, ಓದುವ ವೇಗದಲ್ಲಿ ತೋರಿಸಬಹುದು. ಅದೂ ಬೇಡವೇ? ಪಟ್ಟಿಯನ್ನು ಐದು ಭಾಗ ಮಾಡಿ. ದಿನಕ್ಕೆ 16 ಸಾಲು, 12 ಸೆಕೆಂಡು. ಸೋಮವಾರ ಪ್ರಶ್ನೆ ಬರೆದವರು, ಮಂಗಳವಾರ ಕ್ಯಾಮೆರಾದವರು, ಬುಧವಾರ ಸೆಟ್ ಮತ್ತು ಲೈಟ್‌ನವರು. ದಿನಕ್ಕೆ ಎರಡು ಸೆಕೆಂಡು ಹೆಚ್ಚು ಖರ್ಚು. ಇದರಿಂದ ಯಾವ ವಾಹಿನಿಯೂ ಮುಳುಗುವುದಿಲ್ಲ.

ಇನ್ನು ಇಂಟರ್‌ನೆಟ್‌ಗೆ ಸಮಯದ ನೆಪವೂ ಇಲ್ಲ. ವಿಡಿಯೊದ ಕೆಳಗಿನ ವಿವರಣೆಯ ಜಾಗ ಉಚಿತ. ಈಗ ಅಲ್ಲಿ ಹತ್ತಾರು ಹ್ಯಾಶ್‌ಟ್ಯಾಗ್ ತುಂಬಿರುತ್ತವೆ. ಅದೇ ಜಾಗದಲ್ಲಿ ಎಲ್ಲರ ಹೆಸರನ್ನು ಕನ್ನಡದಲ್ಲಿ ಬರೆದರೆ ಅದನ್ನು ಹುಡುಕಬಹುದು, ಪ್ರತಿ ಮಾಡಬಹುದು, ಕೆಲಸ ಕೇಳುವಲ್ಲಿ ತೋರಿಸಬಹುದು. ನಮ್ಮ ತರಗತಿಯ ಯಾವ ವಿದ್ಯಾರ್ಥಿಯಾದರೂ ಅರ್ಧ ಗಂಟೆಯಲ್ಲಿ ಟೈಪ್ ಮಾಡಿ ಮುಗಿಸುವ ಕೆಲಸ ಇದು. ಒಮ್ಮೆ ಮಾಡಿದರೆ ಇಡೀ ಸೀಸನ್‌ಗೆ ಸಾಕು.

ಮಾಲೂರಿನ ಇಟ್ಟಿಗೆ ಬೆಂಗಳೂರಿನವರಿಗೆಲ್ಲ ಗೊತ್ತು. ಇಟ್ಟಿಗೆಯ ಮೇಲೆ ಗೂಡಿನ ಮಾಲೀಕರ ಗುರುತಿನ ಅಕ್ಷರ ಒತ್ತಿರುತ್ತದೆ. ಮಣ್ಣು ತುಳಿದು ಅಚ್ಚು ಹಾಕಿದವರ ಹೆಸರು ಇರುವುದಿಲ್ಲ, ಇಟ್ಟಿಗೆಯಲ್ಲಿ ಅದಕ್ಕೆ ಜಾಗವೂ ಇಲ್ಲ. ಟಿವಿಯಲ್ಲಿ ಜಾಗವಿದೆ, ಸಮಯವಿದೆ, ಪಟ್ಟಿಯೂ ತಯಾರಾಗಿದೆ. ಹಾಗಿದ್ದೂ ಅದನ್ನು ಓದಲಾಗದಂತೆ ಓಡಿಸುವುದಕ್ಕೆ ಕಾರಣ ತಾಂತ್ರಿಕ ತೊಂದರೆಯಲ್ಲ, ಮನಸ್ಸಿಲ್ಲದಿರುವುದು.

ನಾವು ನೋಡುಗರು ಮಾಡಬಹುದಾದದ್ದೂ ಇದೆ. ಮೆಚ್ಚಿದ ಕಾರ್ಯಕ್ರಮದ ವಿಡಿಯೊ ಕೆಳಗೆ 'ಸೂಪರ್' ಎಂದು ಬರೆಯುವಾಗ ಜೊತೆಗೆ ಇನ್ನೊಂದು ಸಾಲು ಸೇರಿಸೋಣ: 'ಕೆಲಸ ಮಾಡಿದವರ ಹೆಸರುಗಳನ್ನೂ ಹಾಕಿ.' ನೂರು ಜನ ಕೇಳಿದರೆ ಯಾರಾದರೂ ಒಬ್ಬರು ಹಾಕುತ್ತಾರೆ. ನಿರೂಪಕರು ನಮಸ್ಕಾರ ಹೇಳಿದ ಮೇಲೆ ರಿಮೋಟನ್ನು ಹತ್ತು ಸೆಕೆಂಡು ಕೆಳಗಿಡುವುದಕ್ಕಂತೂ ಯಾರ ಅಪ್ಪಣೆಯೂ ಬೇಕಿಲ್ಲ.

– ಬಿ.ಇ. ವಿದ್ಯಾರ್ಥಿ, ಮಾಲೂರು